ಕಣಜದೊಳಗಿನ ಕಣಜ

ಕಾಳಲ್ಲ, ಆದರೂ ಇಲ್ಲಿ
ಜೇನನ್ನು ಗ್ಯಾಲನ್ನಿನಲ್ಲಿ ಅಳೆಯುತ್ತಾರೆ.
ಗ್ಯಾಲನ್ನಿಗೆ ಹತ್ತು ಸಾವಿರ ಗೂಡು,
ಒಂದೊಂದೂ ಎಲೆ ಸುತ್ತಿದ ಬೀಡಿಯ ತುಂಡಿನಷ್ಟು.
ಸಸ್ಕಾಚೆವಾನಿನಲ್ಲಿ, ನಿಪಾವಿನ್ ಊರಾಚೆ,
ಸ್ಟೆಫ್ಕಾ ದನಿಲ್ಯುಕ್ ಅವನ್ನು ತಟ್ಟೆಗಳಲ್ಲಿ ಹರವಿ
ಕೋಣೆಯ ಕಾವನ್ನು ಮೂವತ್ತಕ್ಕೆ ಏರಿಸಿ
ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಳು: ದಿನ ಒಂದು.

ಈ ಜೇನಿಗೆ ರಾಣಿಯಿಲ್ಲ, ಊಳಿಗದವರಿಲ್ಲ,
ಹಿಂಡಿದರೆ ಹನಿ ತುಪ್ಪವೂ ಇಲ್ಲ.
ಒಬ್ಬಳೇ ಎಲೆಯನ್ನು ದುಂಡಗೆ ಕತ್ತರಿಸಿ ಹೊತ್ತು ತಂದು
ಒಬ್ಬಳೇ ಸುತ್ತಿ, ಪರಾಗದ ಮುದ್ದೆಯಿಟ್ಟು
ಅದರ ಮೇಲೊಂದು ಮೊಟ್ಟೆಯಿಟ್ಟು, ಮುಚ್ಚಳ ಮುಚ್ಚಿ,
ಮಗುವಿನ ಮುಖ ನೋಡದೆ ಸತ್ತವಳು.
ಕುದುರೆಮಸಾಲೆಯ ಹೂವು ಮುಟ್ಟಿದವರ ಕೆನ್ನೆಗೆ ಬಾರಿಸುತ್ತದೆ.
ಪೆಟ್ಟಿಗೆಯ ಜೇನು ಎರಡೇಟಿಗೇ ಕಳ್ಳದಾರಿ ಕಲಿತುಬಿಡುತ್ತದೆ.
ಇವಳು ಮಾತ್ರ ದಿನವಿಡೀ ಹೊಡೆಸಿಕೊಂಡು
ಹೊಲಕ್ಕೆಲ್ಲ ಕಾಯಿ ಕಟ್ಟಿಸಿದಳು.

ಹೋದ ಆಗಸ್ಟಿನಲ್ಲಿ ಆ ಗೂಡಿನ ಮೇಲೆ
ಎಳ್ಳಿನಷ್ಟು ಚಿಕ್ಕದೊಂದು ಬಂದು ನಿಂತಿತು,
ಕಪ್ಪು ಮೈಯಲ್ಲಿ ಹಸಿರು ಮಿಂಚು.
ಮೀಸೆಯಿಂದ ತಟ್ಟಿತು, ಸರಿದು ಮತ್ತೆ ತಟ್ಟಿತು,
ಕಲ್ಲಂಗಡಿ ಕೊಳ್ಳುವವರು ತಟ್ಟಿ ಕೇಳುವ ಹಾಗೆ:
ತುಂಬಿದೆಯೋ, ಟೊಳ್ಳೋ?
ಆಮೇಲೆ ಸೂಜಿಯಿಳಿಸಿತು
ಎಲೆ ದಾಟಿ, ರೇಷ್ಮೆ ದಾಟಿ,
ಉಂಡು ಮಲಗಿದ ಮರಿಯ ಮೈವರೆಗೆ.
ಒಂದೇ ಚುಚ್ಚು.
ಮರಿ ಕೊಳೆಯಲಿಲ್ಲ, ಒಣಗಲಿಲ್ಲ,
ಮಿಸುಕುವುದನ್ನು ಮಾತ್ರ ಮರೆಯಿತು.
ಅದರ ಚರ್ಮದ ಮೇಲೆ ಇಪ್ಪತ್ತು ಮೊಟ್ಟೆ.

ನಮ್ಮ ಹಿರಿಯರು ಮಣ್ಣಿನ ಗೂಡಿನೆದುರು ಕೂತು ಕಂಡಿದ್ದರು:
ಒಳಗೆ ಹೋದದ್ದು ಕೀಟ, ಹೊರಗೆ ಬಂದದ್ದು ಭ್ರಮರ.
ಗುಂಯ್‌ ಎಂಬುದನ್ನೇ ಕೇಳಿ ಕೇಳಿ, ನೆನೆದು ನೆನೆದು
ಹುಳುವೇ ಅದಾಯಿತೆಂದರು,
ಗುರುವಿನೆದುರು ಶಿಷ್ಯನೂ ಹಾಗೇ ಎಂದರು.
ನಡುವೆ ಗೂಡು ಒಡೆದು ನೋಡಿದವರಿರಲಿಲ್ಲವೋ
ನೋಡಿದವರು ಸುಮ್ಮನಿದ್ದರೋ.

ಇಲ್ಲಿ ಒಡೆಯುವುದೂ ಬೇಡ.
ಮಾರ್ಚಿನಲ್ಲೇ ಎಕ್ಸರೇ ಹಾಳೆ ಬಂದಿತ್ತು,
ಸಾಲು ಸಾಲು ಗೂಡು, ಒಳಗೆ
ಗೋಡಂಬಿಯಂತೆ ಬಾಗಿದ ಬಿಳಿ ಮರಿ.
ಅಲ್ಲೊಂದು ಇಲ್ಲೊಂದರಲ್ಲಿ ಗೋಡಂಬಿಯ ಬದಲು ಗಸಗಸೆ.
ಸ್ಟೆಫ್ಕಾ ಪೆನ್ಸಿಲಿನಿಂದ ಎಣಿಸಿದಳು: ಐನೂರಕ್ಕೆ ಹದಿನೇಳು.
ಹೋದ ವರ್ಷ ಒಂಬತ್ತಿತ್ತು.

ಈಗ ಒಂಬತ್ತನೆಯ ರಾತ್ರಿ.
ಜೇನಿಗಿನ್ನೂ ಹನ್ನೆರಡು ದಿನದ ನಿದ್ದೆ ಬಾಕಿ,
ಅವಸರವೆಲ್ಲ ಕಣಜಗಳದು.
ಒಂದು ಕೊರೆದ ತೂತಿನಿಂದಲೇ ಮಿಕ್ಕವೂ ಬರುತ್ತವೆ,
ಅಣ್ಣಂದಿರು ಮೊದಲೆದ್ದು ಹೊಸ್ತಿಲಲ್ಲೇ ತಂಗಿಯರಿಗೆ ಕಾಯುತ್ತಾರೆ;
ಕೂಡಿದ್ದೇ ತಡ, ತಂಗಿಯರು
ಪಕ್ಕದ ಗೂಡನ್ನು ತಟ್ಟಲು ಹೊರಡುತ್ತಾರೆ.
ಅವರಿಗೆಂದೇ ನೀಲಿ ದೀಪ,
ದೀಪದ ಕೆಳಗೆ ಸೋಪುನೀರು.

ಮೊಮ್ಮಗ ಮಾರ್ಕಿಯಾನ್ ತಟ್ಟೆಗೆ ಬಗ್ಗಿ ಕೇಳಿದ:
"ಜೇನನ್ನಲ್ಲದೆ ಬೇರೇನೂ ತಿಂದಿಲ್ಲ ಇವು.
ಹಾಗಾದರೆ ಅಜ್ಜೀ, ಇವೂ ಜೇನೇ ಅಲ್ಲವಾ?"
"ನಾನು ದುಡ್ಡು ಕೊಟ್ಟದ್ದು ರೆಕ್ಕೆ ದೊಡ್ಡದಿರುವುದಕ್ಕೆ,"
ಎಂದು ಆಕೆ ದೀಪವನ್ನು ಇನ್ನಷ್ಟು ತಗ್ಗಿಸಿದಳು.

ನನ್ನ ಭಾಷೆಯಲ್ಲಿ ಕಾಳು ತುಂಬಿಡುವ ಜಾಗಕ್ಕೂ
ಈ ಹುಳುವಿಗೂ ಒಂದೇ ಹೆಸರು.
ಸ್ಟೆಫ್ಕಾಗೆ ಅದು ಗೊತ್ತಿಲ್ಲ.
ಗೊತ್ತಾದರೂ ಈ ಹೊತ್ತಿನಲ್ಲಿ ನಗುತ್ತಿರಲಿಲ್ಲ.

ಬೆಳಗ್ಗೆ ಚಹಾದ ಜರಡಿಯಲ್ಲಿ ನೀರು ಸೋಸಿದಳು.
ಗ್ಯಾಲನ್ನಿನಲ್ಲಿ ತಂದದ್ದರ ನಷ್ಟವನ್ನು
ಚಮಚದಲ್ಲಿ ಅಳೆದಳು: ಎರಡೂವರೆ.
ಕ್ಯಾಲೆಂಡರಿನಲ್ಲಿ ಬರೆಯುವಾಗ
ಒದ್ದೆಯಾಗದೆ ಉಳಿದ ಒಂದು
ಅವಳ ಮುಂಗೈ ಏರಿತ್ತು.
ಪೆನ್ಸಿಲು ನಿಂತಿತು.
ಅದು ತಟ್ಟಿತು. ಕೇಳಿಸಿಕೊಂಡಿತು.
ನರದ ಉಬ್ಬಿನ ಬಳಿ ಮತ್ತೊಮ್ಮೆ ತಟ್ಟಿತು.
ಇದಲ್ಲವೆಂದು
ಬಾಗಿಲ ಸಂದಿಯ ಬೆಳಕಿನತ್ತ ಹೋಯಿತು.